ಅಮ್ಮನ ಮುಖಕ್ಕೆ ತೆಗೆಯುವ ಫೋನು

ಹೊಸ ಫೋನು ಅಮ್ಮನ ಬೆರಳನ್ನು ಒಪ್ಪಲಿಲ್ಲ. ಅಂಗಡಿಯವನು ಬಲಗೈ ಹೆಬ್ಬೆರಳನ್ನು ಹನ್ನೊಂದು ಸಲ ಒತ್ತಿಸಿದ. ಬಟ್ಟೆಯಿಂದ ಒರೆಸಿ ಒತ್ತಿಸಿದ, ಬಾಯಿಯ ಬಿಸಿ ಊದಿಸಿ ಒತ್ತಿಸಿದ, ಕೊನೆಗೆ ಎಡಗೈಗೆ ಬಂದ. ಪ್ರತಿ ಸಲವೂ ಪರದೆಯ ಮೇಲೆ ಒಂದೇ ಸಾಲು: ಬೆರಳನ್ನು ಸ್ವಚ್ಛಗೊಳಿಸಿ ಮತ್ತೆ ಪ್ರಯತ್ನಿಸಿ. ಆ ಸಾಲು ಓದಿ ಓದಿ ಅಮ್ಮನಿಗೆ ಅವಮಾನವಾಯಿತು. ಆಸ್ಪತ್ರೆಗಳ ಹೊದಿಕೆ, ದಿಂಬಿನ ಚೀಲ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದವಳು ಅವಳು. ದಿನಕ್ಕೆ ಎಂಟು ಗಂಟೆ ಸೋಪಿನ ನೀರಲ್ಲೇ ಇರುವ ಕೈ. ಇದಕ್ಕಿಂತ ಸ್ವಚ್ಛವಾದ ಬೆರಳು ಬೇಕಾದರೆ ಎಲ್ಲಿಂದ ತರಲಿ ಎಂದು ಅಂಗಡಿಯವನನ್ನು ಕೇಳಿಯೇಬಿಟ್ಟಳು.

ಪಕ್ಕದಲ್ಲಿದ್ದ ಮಗಳು ಅಮ್ಮನ ಕೈಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬೆರಳ ತುದಿಗಳಲ್ಲಿ ಗೆರೆಯೇ ಇರಲಿಲ್ಲ. ಸೋಪು, ಸೋಡಾ, ಬಿಸಿ ಇಸ್ತ್ರಿಯಿಂದ ಸವೆದು ನುಣುಪಾಗಿ, ತಿಳಿ ಗುಲಾಬಿ ಬಣ್ಣಕ್ಕೆ ಬಂದಿದ್ದವು. ಇಪ್ಪತ್ತೊಂದು ವರ್ಷದಿಂದ ತನಗೆ ತಲೆ ಬಾಚಿದ ಕೈ. ಇದನ್ನು ಒಂದು ದಿನವೂ ನೋಡಿರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಫೋನು ಬೇಕೆಂದು ಕೇಳಿದ್ದು ಅಮ್ಮನಲ್ಲ. ಇನ್ನು ಮುಂದೆ ಯಾರಿಗೆ ಯಾವ ಪಾಳಿ ಎನ್ನುವುದೆಲ್ಲ ಫೋನಿಗೇ ಬರುತ್ತದೆ ಎಂದು ಲಾಂಡ್ರಿಯಲ್ಲಿ ಹೇಳಿದ್ದರು. ಆದರೆ ಬೀಗ ಬೇಕೆಂದು ಹಟ ಹಿಡಿದವಳು ಮಾತ್ರ ಅಮ್ಮನೇ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಊಟಕ್ಕೆ ಕುಳಿತಾಗ ಆ ಮಾತೆತ್ತಿದಳು. ಪಾಳಿ ಪಟ್ಟಿಗೆ ಬೀಗ ಯಾಕೆ, ಅದನ್ನು ಯಾರು ಕದಿಯುತ್ತಾರೆ ಎಂದು ಅವಳ ವಾದ.

ಅಮ್ಮ ಅನ್ನ ಕಲಸುತ್ತಲೇ ಹೇಳಿದಳು: "ನಿಮ್ಮ ಮಗ ಊರಿಗೆಲ್ಲ ಕೀಲಿ ಮಾಡಿಕೊಡ್ತಾರೆ ಅತ್ತೆ. ಈ ಮನೇಲಿ ನನ್ನದು ಅಂತ ಬೀಗ ಇರೋದು ಯಾವುದಕ್ಕೆ ಹೇಳಿ. ಇದೊಂದಕ್ಕಾದ್ರೂ ಇರಲಿ."

ಅಪ್ಪನದು ಬೀಗ ರಿಪೇರಿಯ ಅಂಗಡಿ. ಮಾರುಕಟ್ಟೆಯ ಮೆಟ್ಟಿಲಿನ ಕೆಳಗೆ ನಾಲ್ಕಡಿ ಜಾಗ, ಗೋಡೆ ತುಂಬ ನೇತುಹಾಕಿದ ಖಾಲಿ ಕೀಲಿಗಳು, ಒಂದು ಉಜ್ಜುವ ಯಂತ್ರ. ಮನೆಯಲ್ಲಿ ಮಾತ್ರ ಟ್ರಂಕಿನ ಬೀಗ ಕೂಡ ಕೆಟ್ಟು ಎರಡು ವರ್ಷವಾಗಿತ್ತು. ಹೆಂಡತಿಯ ಮಾತು ತಾಗಿತೇನೋ, ಫೋನಿನ ಬೀಗದ ಕೆಲಸವನ್ನು ಅವನು ತಾನೇ ವಹಿಸಿಕೊಂಡ. ಬೆರಳೇ ಸರಿ ಎಂದು ಅವನ ತೀರ್ಮಾನ. ಬೆರಳೆಂದರೆ ಕೀಲಿ ಇದ್ದ ಹಾಗೆ, ಅದಕ್ಕೂ ಹಲ್ಲಿದೆ, ಗೀರಿದೆ, ಒಂದರ ಹಾಗೆ ಇನ್ನೊಂದಿಲ್ಲ ಎಂದು ವಿವರಿಸಿದ. ಅಜ್ಜಿ ಮೂಗು ಮುರಿದಳು. ನೂಲಿನ ಗಿರಣಿಯ ಗೇಟಿನಲ್ಲಿ ಹೆಂಗಸರ ತಪಾಸಣೆಗೆಂದು ಇಪ್ಪತ್ತಾರು ವರ್ಷ ನಿಂತವಳು ಅವಳು. ನಾನೂರು ಹೆಂಗಸರನ್ನು ಬರೀ ಮುಖ ನೋಡಿ ಒಳಗೆ ಬಿಡುತ್ತಿದ್ದವಳು.

"ಬಾಗಿಲು ತಟ್ಟಿದವರ ಮುಖ ನೋಡ್ತೀಯೋ, ಬೆರಳು ನೋಡ್ತೀಯೋ?" ಎಂದು ಮಗನನ್ನು ಕೇಳಿದಳು.

"ಮುಖ ಬದಲಾಗುತ್ತೆ. ಜ್ವರ ಬಂದ್ರೆ ಬದಲಾಗುತ್ತೆ, ಮೀಸೆ ತೆಗೆದ್ರೆ ಬದಲಾಗುತ್ತೆ."

"ನಿನ್ನ ಹೆಂಡತಿಗೆ ಮೀಸೆ ಇಲ್ವಲ್ಲಪ್ಪ."

ಒಂದು ವಾರ ಮನೆಯಲ್ಲಿ ಅದೇ ಮಾತು. ಅಪ್ಪ ಹೇಳಿದಂತೆ ಅಮ್ಮ ಕೆಲಸದಿಂದ ಬಂದು ಬೆರಳಿಗೆ ಎಣ್ಣೆ ತಿಕ್ಕಿದಳು, ರಜೆಯ ದಿನ ಪಾತ್ರೆ ಮುಟ್ಟದೆ ಕೂತಳು. ಫೋನು ಜಗ್ಗಲಿಲ್ಲ. ಮಗಳಿಗೆ ಇದರಲ್ಲಿ ಎಲ್ಲರಿಗಿಂತ ಹೆಚ್ಚು ಕುತೂಹಲ. ಡಿಗ್ರಿ ಮುಗಿಸಿ ಎಂಟು ತಿಂಗಳಿಂದ ಮನೆಯಲ್ಲಿದ್ದಳು. ಅಡುಗೆ ಅವಳದು, ಗುಡಿಸಿ ಒರೆಸುವುದು ಅವಳದು, ಮಿಕ್ಕ ಹೊತ್ತಿನಲ್ಲಿ ಕಂಡದ್ದಕ್ಕೆಲ್ಲ ಯಾಕೆ, ಹೇಗೆ ಎಂದು ಕೇಳುವುದೂ ಅವಳದೇ. ಅಜ್ಜಿ ಅವಳಿಗೆ ಇಟ್ಟ ಹೆಸರು ತನಿಖೆ. ಕಿರುಬೆರಳು ಒತ್ತಿಸಿದರೆ ಹೇಗೆ, ಬೆರಳ ಬದಿ ಒತ್ತಿಸಿದರೆ ಹೇಗೆ ಎಂದು ಅವಳು ಒಂದೊಂದಾಗಿ ಮಾಡಿಸಿ ನೋಡಿದಳು. ಬೆರಳು ಎಂದರೆ ಕೈಯದೇ ಆಗಬೇಕೆಂದು ಎಲ್ಲಿ ಬರೆದಿದೆ ಎಂದು ಅಜ್ಜಿ ಕೇಳಿದ್ದೇ ತಡ, ಅಮ್ಮನ ಕಾಲಿನ ಹೆಬ್ಬೆರಳನ್ನು ಒತ್ತಿಸಿದ್ದಾಯಿತು. ಮೂರನೆಯ ಸಲಕ್ಕೆ ಅದು ಹಿಡಿಯಿತು. ಎರಡು ದಿನ ಅಮ್ಮ ಸ್ಟೂಲಿನ ಮೇಲೆ ಕುಳಿತು, ಪಾದ ಎತ್ತಿ ಫೋನು ತೆಗೆದಳು. ಮೂರನೆಯ ದಿನ ಲಾಂಡ್ರಿಯಲ್ಲಿ ಗಂಬೂಟು ಕಳಚಿ, ಒಂಟಿ ಕಾಲಲ್ಲಿ ನಿಂತು ಪಾಳಿ ನೋಡುವಾಗ ಇಸ್ತ್ರಿ ಹಾಲಿನ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನೋಡಿದರಂತೆ.

ಅಂದು ಸಂಜೆ ಅಮ್ಮ ಮನೆಗೆ ಬಂದವಳೇ, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ, ಅಡುಗೆಮನೆಯ ಬಲ್ಬಿನ ಕೆಳಗೆ ನಿಂತು ಫೋನನ್ನು ಮಗಳ ಕೈಗೆ ಕೊಟ್ಟಳು. "ಮುಖವೇ ಹಾಕು. ನಿಮ್ಮಜ್ಜಿ ಗೆದ್ದರು ಅಂತ ಹೇಳು."

ಮುಖ ಒಂದೇ ಸಲಕ್ಕೆ ಹಿಡಿಯಿತು. ಮಾರನೆಯ ಬೆಳಿಗ್ಗೆ ಒಂದು ತಮಾಷೆ ಕಂಡಿತು. ಅಮ್ಮ ಸ್ನಾನ ಮಾಡಿ, ತಲೆ ಬಾಚಿ, ನಗುನಗುತ್ತಾ ಫೋನು ಎತ್ತಿದರೆ ಅದು ತೆಗೆಯಲಿಲ್ಲ. ತುಟಿ ಬಿಗಿದು, ಹುಬ್ಬು ಕೂಡಿಸಿ ನೋಡಿದ ಮೇಲೆ ತೆಗೆಯಿತು. ದಣಿದ ಮುಖವನ್ನೇ ಅದಕ್ಕೆ ತೋರಿಸಿದ್ದರಿಂದ ಇನ್ನು ಅದಕ್ಕೆ ಗಂಟು ಮುಖವೇ ಬೇಕು ಎಂದು ಅಪ್ಪ ನಕ್ಕ. ಮತ್ತೆ ಹೊಸದಾಗಿ ಹಾಕಿಕೊಡುತ್ತೇನೆ ಎಂದಳು ಮಗಳು. ಬೇಡ, ದಿನದಲ್ಲಿ ಹೆಚ್ಚು ಹೊತ್ತು ಹೀಗೇ ಇರುತ್ತೇನೆ, ಇದೇ ಅನುಕೂಲ ಎಂದಳು ಅಮ್ಮ.

ಓದುವುದನ್ನು ಕಲಿಸಿದ್ದೂ ಮಗಳೇ. ಅಮ್ಮನಿಗೆ ಅಕ್ಷರ ಬರುತ್ತಿತ್ತು, ನಿಧಾನ ಅಷ್ಟೆ. ಮೊದಮೊದಲು ಫೋನು ತೆಗೆದರೆ ಹಳೆಯ ಮೆಸೇಜುಗಳನ್ನೆಲ್ಲ ಮೊದಲಿನಿಂದ ಓದುತ್ತಿದ್ದಳು; ಒಲೆಯ ಮೇಲಿನ ಹಾಲು ಉಕ್ಕಿ ಹೋಗುವ ತನಕ ಓದುತ್ತಿದ್ದಳು. ಅದಕ್ಕೆ ಮಗಳು ಒಂದು ಉಪಾಯ ಹೇಳಿಕೊಟ್ಟಳು. ಹಸಿರು ಗುಂಡು ಇದ್ದರೆ ಹೊಸದು, ತೆಗೆದು ಓದು. ಗುಂಡು ಇಲ್ಲದಿದ್ದರೆ ಓದಿ ಆಗಿದೆ ಎಂದರ್ಥ, ಅದನ್ನು ಮುಟ್ಟಲೇಬೇಡ. ಅಮ್ಮ ಅದನ್ನು ವೇದವಾಕ್ಯದಂತೆ ಪಾಲಿಸಿದಳು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ. ಅಪ್ಪ ಅಂಗಡಿಗೆ ಹೋಗಿದ್ದ, ಅಜ್ಜಿ ಹೊರಗಿನ ಕಟ್ಟೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಅಮ್ಮ ಊಟ ಮಾಡಿ ಮಲಗಿದ್ದಳು. ಮಗಳು ಬೆಳಿಗ್ಗೆಯಿಂದ ಅಡುಗೆಮನೆಯ ಗೋಡೆಯ ಜಿಡ್ಡು ಉಜ್ಜಿ ಸುಸ್ತಾಗಿದ್ದಳು. ಕೂದಲಿಗೆ ಧೂಳು ಬೀಳದಿರಲೆಂದು ತಲೆಗೆ ಬಟ್ಟೆ ಬಿಗಿದಿದ್ದಳು. ಗಂಟೆ ಎಷ್ಟಾಯಿತೆಂದು ನೋಡಲು ಕಪಾಟಿನ ಮೇಲಿದ್ದ ಅಮ್ಮನ ಫೋನನ್ನು ಎತ್ತಿದಳು. ಅದು ತೆರೆದುಕೊಂಡಿತು.

ಅವಳು ಗಂಟೆಯನ್ನು ಮರೆತಳು. ಆರಿಸಿ ಮತ್ತೆ ಎತ್ತಿದಳು, ಮತ್ತೆ ತೆಗೆಯಿತು. ತಲೆಯ ಬಟ್ಟೆ ಬಿಚ್ಚಿ ಕೂದಲು ಇಳಿಬಿಟ್ಟು ನೋಡಿದರೆ ಇಲ್ಲ. ಬಟ್ಟೆ ಕಟ್ಟಿ ನಕ್ಕರೆ ಇಲ್ಲ. ಬಟ್ಟೆ ಕಟ್ಟಿ, ನಗದೆ, ದಣಿದ ಮುಖವನ್ನು ಹಾಗೆಯೇ ಇಟ್ಟುಕೊಂಡು ನೋಡಿದರೆ ತಟಕ್ಕನೆ ತೆಗೆಯಿತು. ಹುಟ್ಟಿದಾಗಿನಿಂದ ಅವಳು ಅಪ್ಪನ ಪಡಿಯಚ್ಚು ಎಂದೇ ಎಲ್ಲರೂ ಹೇಳಿದ್ದರು. ಅಜ್ಜಿಯಂತೂ ಬಂದವರಿಗೆಲ್ಲ ಅವಳ ಮೂಗನ್ನು ತೋರಿಸಿ, ಇದು ನಮ್ಮ ಮನೆತನದ್ದು ಎನ್ನುತ್ತಿದ್ದಳು. ಈ ಯಂತ್ರಕ್ಕೆ ಅದನ್ನೆಲ್ಲ ಯಾರೂ ಹೇಳಿರಲಿಲ್ಲ. ಐದನೆಯ ಸಲ ತೆಗೆದಾಗ ಅವಳ ಕಣ್ಣು ಪರದೆಯ ಮೇಲಿನ ಹಸಿರು ಗುಂಡಿನ ಮೇಲೆ ಬಿತ್ತು. ಪಕ್ಕದಲ್ಲಿ 'ದೊಡ್ಡ ಮೇಡಂ' ಎಂಬ ಹೆಸರು. ಲಾಂಡ್ರಿ ನಡೆಸುವವರು. ಬೆರಳು ತಾನಾಗಿಯೇ ಹೋಯಿತು.

ಊರಾಚೆ ಹೊಸ ಘಟಕ ತೆರೆಯುತ್ತಿದ್ದೇವೆ, ಇಸ್ತ್ರಿ ಹಾಲಿಗೆ ಒಬ್ಬ ಇನ್‌ಚಾರ್ಜ್ ಬೇಕು, ನಿಮ್ಮ ಹೆಸರನ್ನೇ ಮೊದಲು ಬರೆದಿದ್ದೇನೆ ಎಂದಿತ್ತು ಮೆಸೇಜು. ಯೋಚಿಸಲು ಗುರುವಾರದ ತನಕ ಸಮಯವಿದೆ, ಅಷ್ಟರಲ್ಲಿ ಇಲ್ಲಿಯೇ ಉತ್ತರ ಕೊಡಿ, ಉತ್ತರ ಬಾರದಿದ್ದರೆ ಬೇಡವೆಂದುಕೊಂಡು ಮುಂದಿನವರನ್ನು ಕೇಳುತ್ತೇನೆ ಎಂದಿತ್ತು.

ಓದಿ ಮುಗಿಸಿ ಅವಳು ಫೋನನ್ನು ಇದ್ದಲ್ಲೇ ಇಟ್ಟಳು. ಅಮ್ಮ ಎದ್ದು ನೋಡುತ್ತಾಳೆ, ಸಂಜೆ ಊಟಕ್ಕೆ ಕುಳಿತಾಗ ಎಲ್ಲರಿಗೂ ಹೇಳುತ್ತಾಳೆ. ಆಗ ಏನೂ ಗೊತ್ತಿಲ್ಲದವಳ ಹಾಗೆ ಬಾಯಿ ತೆರೆದರಾಯಿತು ಎಂದುಕೊಂಡಳು.

ಸಂಜೆ ಅಮ್ಮ ಹೇಳಲಿಲ್ಲ. ಸೋಮವಾರ ಹೇಳಲಿಲ್ಲ, ಮಂಗಳವಾರವೂ ಇಲ್ಲ. ಮಗಳು ಬಡಿಸುವಾಗ ಅವಳ ಮುಖವನ್ನೇ ನೋಡುತ್ತಿದ್ದಳು. ಅಮ್ಮ ಎಂದಿನಂತೆ ಮೊಟ್ಟೆ ಸುಲಿದಳು, ಅಜ್ಜಿಯ ಕಣ್ಣಿಗೆ ಔಷಧಿ ಹಾಕಿದಳು, ಅಪ್ಪನ ಅಂಗಿಯ ಗುಂಡಿ ಹೊಲಿದಳು. ಇಷ್ಟು ದೊಡ್ಡ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಬ್ಬಳು ಹೀಗೆ ಗುಂಡಿ ಹೊಲಿಯಬಹುದೇ ಎಂದು ಮಗಳಿಗೆ ಸೋಜಿಗ. ಬೇಡ ಎಂದುಬಿಟ್ಟಳೇ? ನಮ್ಮನ್ನು ಕೇಳುವುದೇ ಬೇಡವೆಂದುಕೊಂಡಳೇ? ಬುಧವಾರ ಅವಳು ಸುತ್ತು ಬಳಸಿ, ಲಾಂಡ್ರಿಯಲ್ಲಿ ಹೊಸದೇನಾದರೂ ಇದೆಯಾ ಎಂದು ಕೇಳಿದಳು. ಎರಡನೇ ಮೆಷೀನಿನ ಬೆಲ್ಟು ಹರಿದಿದೆ ಎಂದಳು ಅಮ್ಮ. ಮಗಳಿಗೆ ಸ್ವಲ್ಪ ಸಿಟ್ಟೂ ಬಂತು. ಮುಚ್ಚಿಡುತ್ತಿರುವವಳು ಅಮ್ಮ ಎಂದೇ ಅವಳು ತಿಳಿದಿದ್ದಳು.

ಶುಕ್ರವಾರ ಅಮ್ಮ ಚೀಲ ಇಟ್ಟು, ಕಾಲು ತೊಳೆದು ಬಂದು, ಗೋಡೆಗೆ ಒರಗಿ ಕುಳಿತಳು. ಹೊಸ ಘಟಕದ ಇಸ್ತ್ರಿ ಹಾಲಿಗೆ ತನ್ನ ಪಕ್ಕದ ಮೇಜಿನವಳನ್ನು ಇನ್‌ಚಾರ್ಜ್ ಮಾಡಿದರಂತೆ ಎಂದಳು. ಆರು ವರ್ಷದ ಹಿಂದೆ ಸೇರಿದವಳು. ಹೊದಿಕೆ ಮಡಿಸುವುದನ್ನು ಅಮ್ಮನೇ ಅವಳಿಗೆ ಕಲಿಸಿದ್ದು.

"ಅವಳಿಗೆ ಕೊಟ್ಟಿದ್ದಕ್ಕೆ ಬೇಜಾರಿಲ್ಲ," ಎಂದಳು ಅಮ್ಮ. "ಒಂದು ಮಾತು ಕೇಳಲೂ ಇಲ್ಲ ನನ್ನನ್ನ."

ಅಜ್ಜಿ ಆ ಮೇಡಂಗೆ ಕಣ್ಣು ಕಾಣಿಸುವುದಿಲ್ಲವೇ ಎಂದು ಶುರು ಮಾಡಿದಳು. ಹೋಗಿ ನೇರವಾಗಿ ಕೇಳು ಎಂದ ಅಪ್ಪ. ಕೇಳಿ ಪಡೆಯುವುದಾದರೆ ನನಗೆ ಬೇಡ ಎಂದಳು ಅಮ್ಮ. ಮಗಳು ಒಲೆಯ ಮುಂದೆ ನಿಂತಿದ್ದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹಸಿರು ಗುಂಡು ನೆನಪಾಯಿತು. ತಾನು ತೆಗೆದು ಓದಿದ್ದರಿಂದ ಗುಂಡು ಹೋಗಿತ್ತು. ಗುಂಡು ಇಲ್ಲದ್ದನ್ನು ಮುಟ್ಟಬೇಡವೆಂದು ಕಲಿಸಿದವಳೂ ತಾನೇ. ಲಾಂಡ್ರಿಯ ಗುಂಪಿನ ಮೆಸೇಜುಗಳು ಒಂದರ ಮೇಲೊಂದು ಬಂದು ಆ ಹೆಸರು ಕೆಳಗೆ ಕೆಳಗೆ ಹೋಗಿತ್ತು. ಅಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವಳಿಗೆ ಏನೂ ತಲುಪಿರಲೇ ಇಲ್ಲ.

ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಅಜ್ಜಿ ಇನ್ನೂ ಬಯ್ಯುತ್ತಿದ್ದಳು, ಅಪ್ಪ ಚಹಾ ಕೇಳಿದ, ಹೇಳುವ ಹೊತ್ತು ಜಾರಿತು. ಶನಿವಾರ, ಭಾನುವಾರ ಕೂಡ ಹಾಗೆಯೇ ಜಾರಿದವು. ಹೋದದ್ದು ಹೋಯಿತು, ಹೇಳಿದರೆ ಈಗ ಬರುವುದೇನು ಎಂದು ಒಂದು ಮನಸ್ಸು ಹೇಳುತ್ತಿತ್ತು.

ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಸೋಮವಾರ ಅಮ್ಮ ದೊಡ್ಡ ಮೇಡಂ ಎದುರಾದಾಗ ಮುಖ ತಿರುಗಿಸಿಕೊಂಡು ಹೋದಳಂತೆ. ಬೇಡವೆಂದು ಸುಮ್ಮನಿದ್ದವರು ಈಗ ಮುಖ ಊದಿಸಿಕೊಂಡರೆ ಹೇಗೆ ಎಂದರಂತೆ ಅವರು. ಅಮ್ಮ ಆ ಮಾತನ್ನು ಹೊತ್ತು ತಂದು ಮನೆಯವರ ಮುಂದಿಟ್ಟಳು. ಅಪ್ಪ ಫೋನು ತೆಗೆಸಿ, ಬೆರಳಿಂದ ಸರಿಸುತ್ತಾ ಹೋದ. ಮೆಸೇಜು ಸಿಕ್ಕಿತು. ಜೋರಾಗಿ ಓದಿದ. ಓದಿ ಮುಗಿಸಿ, ಹಸಿರು ಗುಂಡು ಇಲ್ಲ, ಇದು ತೆಗೆದು ನೋಡಿರುವ ಮೆಸೇಜು ಎಂದ.

"ನಾನು ನೋಡಿಲ್ಲ."

"ನಿನ್ನ ಮುಖಕ್ಕೆ ಬಿಟ್ಟು ಯಾರ ಮುಖಕ್ಕೂ ತೆಗೆಯಲ್ವಲ್ಲ ಇದು. ನೀನೇ ನೋಡಿ ಮರೆತಿರ್ತೀಯ ಬಿಡು."

ಅಪ್ಪ ಸಮಾಧಾನಕ್ಕೆಂದು ಹೇಳಿದ ಮಾತು ಅದು. ಅಮ್ಮ ಬಿಳಿಚಿಕೊಂಡಳು. ಅವಳ ತಾಯಿಗೆ ಐವತ್ತರ ಹೊಸ್ತಿಲಲ್ಲೇ ಮರೆವು ಹತ್ತಿತ್ತು. ಸೌಟನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಮನೆಯೆಲ್ಲ ಹುಡುಕುತ್ತಿದ್ದರು, ಕೊನೆಗೆ ಸ್ವಂತ ಮಗಳನ್ನೇ ಯಾರು ನೀನು ಎಂದು ಕೇಳಿದ್ದರು. ಅಮ್ಮನಿಗೆ ಈಗ ನಲವತ್ತೇಳು. ಅಂದಿನಿಂದ ಅವಳು ಗ್ಯಾಸ್ ಆರಿಸಿ ಮೂರು ಸಲ ಮುಟ್ಟಿ ನೋಡತೊಡಗಿದಳು. ಬಾಗಿಲು ಹಾಕಿದೆ, ನೀರು ನಿಲ್ಲಿಸಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳತೊಡಗಿದಳು. ಮೆಸೇಜಿನ ಭಾನುವಾರ ತಾನು ಏನೇನು ಮಾಡಿದೆ ಎಂದು ಒಂದು ಚೀಟಿಯಲ್ಲಿ ಬರೆದು, ಮಧ್ಯಾಹ್ನದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಳು. ಗುಡಿಸುವಾಗ ಆ ಚೀಟಿ ಮಗಳಿಗೆ ಸಿಕ್ಕಿತು.

ಬುಧವಾರ ಸಂಜೆ ಎಲ್ಲರೂ ಊಟಕ್ಕೆ ಕುಳಿತಿದ್ದರು. ಅಪ್ಪ ಬೇಳೆ ಬಾಯಿಗಿಟ್ಟು ಮುಖ ಕಿವುಚಿದ. ಉಪ್ಪು ಜಾಸ್ತಿಯಾಗಿತ್ತು. ಅಮ್ಮ ಸೌಟನ್ನು ಕೆಳಗಿಟ್ಟಳು.

"ನಾನೇ ಎರಡು ಸಲ ಹಾಕಿದೀನಿ," ಎಂದಳು. "ನಾಳೆ ರಜೆ ಹಾಕ್ತೀನಿ ರೀ. ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಇನ್ನೂ ಕೈ ಮೀರಿಲ್ಲ ಅನ್ನೋವಾಗಲೇ ತೋರಿಸೋಣ."

"ಒಂದು ಸಲ ನಾನು ಹಾಕಿದ್ದು," ಎಂದಳು ಮಗಳು. "ನೀನು ಬರೋ ಮುಂಚೆ."

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ಮೆಸೇಜೂ ನಾನೇ ತೆಗೆದಿದ್ದು. ನಿನ್ನ ಫೋನು ನನ್ನ ಮುಖಕ್ಕೂ ತೆಗೆಯುತ್ತಮ್ಮ."

ಅವಳು ನಿರೀಕ್ಷಿಸಿದ್ದ ಸಿಡಿಲು ಬೀಳಲಿಲ್ಲ. ಅವಳನ್ನು ಯಾರೂ ನಂಬಲೇ ಇಲ್ಲ. ಅಜ್ಜಿ ಕನಿಕರದಿಂದ ಅವಳ ಬೆನ್ನು ಸವರಿದಳು. ತಾಯಿಗೆ ಹೀಗಾಯಿತಲ್ಲ ಎಂದು ಮಗು ತನ್ನ ಮೇಲೆ ಹಾಕಿಕೊಳ್ಳುತ್ತಿದೆ ಎಂದಳು. ಇನ್ನೊಬ್ಬರ ಮುಖಕ್ಕೆ ತೆಗೆಯುವುದಾದರೆ ಅದನ್ನು ಬೀಗವೆಂದು ಯಾರು ಕರೆಯುತ್ತಾರೆ ಎಂದ ಅಪ್ಪ. ಮಗಳು ಎಂಜಲು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನೆತ್ತಿ ಹಿಡಿದಳು. ಪರದೆ ಅಲುಗಿತು, ತೆಗೆಯಲಿಲ್ಲ. ಅವಳ ಕಣ್ಣು ತುಂಬಿತ್ತು, ಕೂದಲು ಮುಖದ ಮೇಲೆ ಬಿದ್ದಿತ್ತು. ಎರಡನೆಯ ಸಲವೂ ತೆಗೆಯಲಿಲ್ಲ.

"ಸಾಕು ಬಿಡು ಮರಿ," ಎಂದ ಅಪ್ಪ.

ಅವಳು ಬಿಡಲಿಲ್ಲ. ಎದ್ದು ಹೋಗಿ ಮುಖ ತೊಳೆದಳು. ಕೂದಲನ್ನು ಹಿಂದಕ್ಕೆ ಎಳೆದು, ಪಾತ್ರೆ ಒರೆಸುವ ಬಟ್ಟೆಯನ್ನು ತಲೆಗೆ ಬಿಗಿದಳು. ಅಡುಗೆಮನೆಯ ಬಲ್ಬಿನ ಕೆಳಗೆ ನಿಂತಳು. ಐದು ದಿನದಿಂದ ಹೇಳದೆ ಹೊತ್ತುಕೊಂಡಿದ್ದ ದಣಿವು ಮುಖದಲ್ಲಿತ್ತು, ಬೇರೆ ನಟನೆ ಬೇಕಾಗಲಿಲ್ಲ. ಫೋನು ತೆಗೆಯಿತು.

ಅಮ್ಮ ಎದ್ದು ಬಂದಳು. ಫೋನು ನೋಡಿದಳು, ಮಗಳನ್ನು ನೋಡಿದಳು.

"ಇನ್ನೊಂದು ಸಲ."

ತೆಗೆಯಿತು.

"ಇನ್ನೊಂದು ಸಲ."

ಅಷ್ಟರಲ್ಲಿ ಅಜ್ಜಿ ಕನ್ನಡಕ ಹುಡುಕಿ ತಂದಿದ್ದಳು. ಮೊಮ್ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಅಂಗೈಯಿಂದ ಅವಳ ಮೂಗನ್ನು ಮುಚ್ಚಿದಳು. ಬಹಳ ಹೊತ್ತು ನೋಡಿದಳು.

"ಮೂಗು ಬಿಟ್ಟು ಮಿಕ್ಕಿದ್ದೆಲ್ಲ ನಿನ್ನದೇ ಕಣಮ್ಮ," ಎಂದಳು ಸೊಸೆಗೆ. "ಇಷ್ಟು ವರ್ಷ ನಾನು ಮೂಗೊಂದನ್ನೇ ನೋಡ್ತಿದ್ದೆ."

ಅಮ್ಮನಿಗೆ ನಗು ಬಂತು. ಎಷ್ಟು ಬಂತೆಂದರೆ ಗೋಡೆ ಹಿಡಿದುಕೊಂಡು ನಕ್ಕಳು. ನನಗೆ ಮರೆವಿಲ್ಲ, ನನಗೇನೂ ಆಗಿಲ್ಲ ಎನ್ನುತ್ತಾ, ಕಣ್ಣೊರೆಸಿಕೊಂಡು ನಕ್ಕಳು. ನಗು ಇಳಿಯಿತು. ಇಳಿದ ಮೇಲೆ ಅವಳು ಮಗಳ ಕೈಯಿಂದ ಫೋನು ತೆಗೆದುಕೊಂಡಳು.

"ಎಷ್ಟು ಸಲ ತೆಗೆದೆ?"

"ಆ ಭಾನುವಾರ ಐದು ಸಲ. ಆಮೇಲೆ ಮುಟ್ಟಿಲ್ಲ."

"ನಾನು ಚೀಟಿ ಬರೆದಿದ್ದು ನೋಡಿದೆಯಾ?"

ಮಗಳು ಹೂಂ ಎಂದಳು.

"ನೋಡಿ ಸುಮ್ಮನಿದ್ದೆ."

ಅಪ್ಪ ತಟ್ಟೆಯ ಮುಂದೆಯೇ ಕುಳಿತು ಕೈ ಒಣಗಿಸಿಕೊಳ್ಳುತ್ತಿದ್ದ. ಅವನ ದನಿ ಏರಲಿಲ್ಲ. "ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು. ಪೆಟ್ಟಿಗೆಯ ಯಜಮಾನರು ಎದುರಿಗೆ ನಿಲ್ಲದೆ, ಒಳಗೇನಿದೆ ಅಂತ ಅವರ ಬಾಯಲ್ಲಿ ಕೇಳದೆ, ಒಂದು ತಗಡಿನ ಡಬ್ಬಿ ತೆಗೆದವನಲ್ಲ. ನನ್ನ ಮನೇಲೇ ಹೀಗೆ." ಇಷ್ಟು ಹೇಳಿ ಎದ್ದು ಕೈ ತೊಳೆಯಲು ಹೋದ. ಮಾರನೆಯ ಬೆಳಿಗ್ಗೆ ತನ್ನ ಚಹಾವನ್ನು ತಾನೇ ಕಾಯಿಸಿಕೊಂಡು ಕುಡಿದ. ಮಗಳಿಗೆ ಬೈಗುಳಕ್ಕಿಂತ ಅದೇ ಹೆಚ್ಚು ನೋವಾಯಿತು.

ಅಮ್ಮ ಮಾತ್ರ ಬೇಗ ತಯಾರಾಗು ಎಂದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ಮಗಳಿಗಾಗಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಲಾಂಡ್ರಿಯ ಒಳಗೆ ಹಬೆ, ಬಿಸಿ ಬಟ್ಟೆಯ ವಾಸನೆ, ಮೆಷೀನುಗಳ ಗುಡುಗುಡು. ಉದ್ದದ ಮೇಜುಗಳ ಎರಡೂ ಕಡೆ ಹೆಂಗಸರು ಹೊದಿಕೆಯ ತುದಿಗಳನ್ನು ಹಿಡಿದು ಎಳೆದು, ಒಬ್ಬರ ಕಡೆಗೊಬ್ಬರು ನಡೆದು ಮಡಿಸುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿದ್ದ ಒಬ್ಬಾಕೆ ಮಗಳನ್ನು ನೋಡಿ, ಯಾರ ಮಗಳೆಂದು ಕೇಳುವುದೇ ಬೇಡ ಎಂದಳು. ಇಲ್ಲಿ ಅವಳ ಮೂಗನ್ನು ಯಾರೂ ನೋಡುತ್ತಿರಲಿಲ್ಲ.

ದೊಡ್ಡ ಮೇಡಂ ಗಾಜಿನ ಕೋಣೆಯಲ್ಲಿ ಕುಳಿತಿದ್ದರು. ಅಮ್ಮ ಮಗಳನ್ನು ಮುಂದಕ್ಕೆ ತಳ್ಳಿದಳು. ಮಗಳು ನಡೆದದ್ದನ್ನೆಲ್ಲ ಹೇಳಿದಳು. ಮೊದಲ ಎರಡು ವಾಕ್ಯಕ್ಕೆ ತಡವರಿಸಿದಳು, ಆಮೇಲೆ ಸಲೀಸಾಯಿತು. ಮೇಡಂ ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ನನ್ನ ಫೋನೂ ಮುಖಕ್ಕೇ ತೆಗೆಯುವುದು, ನನಗೂ ಒಬ್ಬಳು ತಂಗಿ ಇದ್ದಾಳೆ ಎಂದು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

ಆಮೇಲೆ ಅಮ್ಮನ ಕಡೆ ತಿರುಗಿದರು. ಇಸ್ತ್ರಿ ಹಾಲಿನ ಆದೇಶಕ್ಕೆ ಸಹಿ ಬಿದ್ದಾಗಿದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂದರು. ಅದು ನನಗೂ ಬೇಡ, ಅವಳ ಕೈಯಿಂದ ಕಸಿದುಕೊಳ್ಳಲು ಬಂದಿಲ್ಲ ಎಂದಳು ಅಮ್ಮ. ನೀವು ಕೇಳಿದ್ದಿರಿ, ನಾನು ಉತ್ತರ ಕೊಡದ ಸೊಕ್ಕಿನವಳಲ್ಲ, ಇಷ್ಟು ಗೊತ್ತಾದರೆ ಸಾಕು ಎಂದಳು. ಮೇಡಂ ಮೇಜಿನ ಮೇಲಿದ್ದ ಪಟ್ಟಿಯನ್ನು ಹತ್ತಿರ ಎಳೆದುಕೊಂಡು ನೋಡಿದರು. ಹೊಸ ಘಟಕದಲ್ಲೇ ಬಟ್ಟೆ ಬೇರ್ಪಡಿಸುವ ವಿಭಾಗಕ್ಕೂ ಒಬ್ಬರು ಬೇಕಾಗುತ್ತಾರೆ, ಎರಡು ತಿಂಗಳ ನಂತರ. ಇಸ್ತ್ರಿ ಹಾಲಿನಷ್ಟು ದೊಡ್ಡದಲ್ಲ, ಆರು ಜನರ ಉಸ್ತುವಾರಿ.

"ಈಗಲೇ ಹೂಂ ಅನ್ನಿ, ನಿಮ್ಮ ಹೆಸರು ಬರೆದುಬಿಡ್ತೀನಿ," ಎಂದರು.

ಅಮ್ಮ ಹೂಂ ಎನ್ನುತ್ತಾಳೆ, ತನ್ನ ತಪ್ಪು ಇಲ್ಲಿಗೆ ತೊಳೆದುಹೋಗುತ್ತದೆ ಎಂದು ಮಗಳಿಗೆ ಅನಿಸಿತು.

"ನಾಲ್ಕು ದಿನ ಕೊಡಿ ಮೇಡಂ," ಎಂದಳು ಅಮ್ಮ.

"ಹದಿನಾಲ್ಕು ವರ್ಷ ಆಯ್ತು ನೀವು ಇಲ್ಲಿ. ಇನ್ನೂ ಯೋಚಿಸೋದೇನಿದೆ?"

"ಯೋಚಿಸೋಕೆ ಅವತ್ತು ನಾಲ್ಕು ದಿನ ಕೊಟ್ಟಿದ್ರಲ್ಲ. ಅದು ನನಗೆ ಸಿಗಲೇ ಇಲ್ಲ. ಅದು ಬೇಕು."

ಗೇಟಿನ ತನಕ ಅಮ್ಮ ಬಂದು ಕಳಿಸಿದಳು. ಮಗಳಿಗೆ ಕ್ಷಮೆ ಕೇಳಬೇಕೆನಿಸಿತು. ಅಮ್ಮ ಬಸ್ಸಿನ ನಂಬರು ಹೇಳಿ ಒಳಗೆ ಹೊರಟೇಹೋದಳು.

ಆ ನಾಲ್ಕು ದಿನ ಅಮ್ಮ ಆ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದಳು. ಅಜ್ಜಿಯ ಕಣ್ಣಿನ ಔಷಧಿಯನ್ನು ಮಧ್ಯಾಹ್ನ ಯಾರು ಹಾಕುತ್ತಾರೆ ಎಂದಳು. ಊರಾಚೆಗೆ ಎಷ್ಟು ಬಸ್ಸು ಬದಲಿಸಬೇಕು ಎಂದು ಅಪ್ಪನನ್ನು ಕೇಳಿದಳು. ಅವನು ಕಾಗದದ ಮೇಲೆ ದಾರಿ ಬರೆದುಕೊಟ್ಟ. ಭಾನುವಾರ ಒಬ್ಬಳೇ ಹೋಗಿ ಹೊಸ ಕಟ್ಟಡ ನೋಡಿಕೊಂಡು ಬಂದಳು. ಕಿಟಕಿ ದೊಡ್ಡದಿದೆ, ಕುಡಿಯುವ ನೀರಿನ ನಲ್ಲಿ ಮಾತ್ರ ದೂರ ಎಂದಳು. ಫೋನಿಗೆ ಮುಖ ಬೇಡ, ಅಂಕಿಯ ಬೀಗ ಹಾಕಿಕೋ ಎಂದು ಅಪ್ಪ ಎರಡು ಸಲ ಹೇಳಿದ. ನೋಡೋಣ ಎಂದಳು. ಫೋನು ಊಟದ ಮೇಜಿನ ಮೇಲೆಯೇ ಬಿದ್ದಿರುತ್ತಿತ್ತು. ಮಗಳು ಮೇಜು ಒರೆಸುವಾಗ ಅದನ್ನು ಎತ್ತದೆ ಸುತ್ತಲೂ ಒರೆಸಿದಳು. ಶನಿವಾರ ಅಪ್ಪ ಅವಳ ಕೈಯ ಚಹಾ ಕುಡಿದ. ಸಕ್ಕರೆ ಕಡಿಮೆ ಎಂದ. ಅದೇ ರಾಜಿ.

ಸೋಮವಾರ ಬೆಳಿಗ್ಗೆ ಹೊರಡುವ ಮುಂಚೆ ಅ‌ಮ್ಮ ಮಗಳನ್ನು ಕರೆದು, ಫೋನನ್ನು ತಾನೇ ತೆಗೆದು, ಅವಳ ಕೈಗಿತ್ತಳು.

"ನಾನು ಬರೆದ್ರೆ ಬಸ್ಸು ತಪ್ಪುತ್ತೆ. ಹೇಳ್ತೀನಿ, ಬರಿ. ನಾನು ಒಪ್ಪಿದ್ದೇನೆ. ಆದರೆ ಬೆಳಗಿನ ಪಾಳಿ ಮಾತ್ರ. ಮನೆಯಲ್ಲಿ ವಯಸ್ಸಾದವರಿದ್ದಾರೆ."

ಅಜ್ಜಿ ಒಳಗಿನಿಂದ, ನನ್ನ ಹೆಸರಲ್ಲಿ ಏನೂ ಕೇಳಬೇಡ ಎಂದಳು. ಹಾಗಾದರೆ ಆ ಸಾಲು ತೆಗೆ ಎಂದಳು ಅಮ್ಮ. ಮಗಳು ತೆಗೆದಳು. ಅಮ್ಮ ಫೋನು ಇಸಿದುಕೊಂಡು, ತುಟಿ ಅಲುಗಿಸುತ್ತಾ ಅಕ್ಷರ ಅಕ್ಷರವಾಗಿ ಓದಿದಳು. ತೃಪ್ತಿಯಾಗದೆ ಮತ್ತೆ ಓದಿದಳು. ಆಮೇಲೆ ನುಣುಪಾದ ಹೆಬ್ಬೆರಳಿನಿಂದ ಒತ್ತಿದಳು.

"ಹೋಯ್ತಾ?"

"ಹೋಯ್ತು. ಅವರು ನೋಡಿದ ತಕ್ಷಣ ಇಲ್ಲಿ ಈ ಗುರುತು ನೀಲಿ ಆಗುತ್ತೆ. ಎರಡು ನಿಮಿಷ ಕಾಯೋಣ ಇರಮ್ಮ, ಏನಂತಾರೋ ನೋಡೋಣ."

ಅಮ್ಮ ಫೋನನ್ನು ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದಳು.

"ಬೇಡ," ಎಂದಳು. "ಅವರಿಗೂ ಯೋಚಿಸೋಕೆ ಹೊತ್ತು ಬೇಕಲ್ಲ."